ಎಡಗೈಯ ತುಪಾಕಿ

ನಮ್ಮ ಮನೆಯಲ್ಲಿ ಎಡಗೈಗೆ ಊಟವಿರಲಿಲ್ಲ. ಗೌನಿಪಲ್ಲಿಯ ಹತ್ತಿರದ ಒಂದು ಸಣ್ಣ ಊರು, ಊರಿನ ಕೊನೆಗೆ ನಮ್ಮ ತೊಟ್ಟಿಮನೆ. ನಡುಮನೆಯಲ್ಲಿ ಅಪ್ಪ, ಚಿಕ್ಕಪ್ಪ ಗೋಡೆಗೆ ಬೆನ್ನು ಕೊಟ್ಟು ಊಟಕ್ಕೆ ಕೂರುತ್ತಿದ್ದರು. ನಾನೂ ಚಿಕ್ಕಪ್ಪನ ಮಕ್ಕಳೂ ಅವರ ಎದುರಿಗೆ. ಅಮ್ಮ, ಚಿಕ್ಕಮ್ಮ ಬಡಿಸುವರು. ಅಪ್ಪನ ತಾಯಿ, ನಮ್ಮಜ್ಜಿ, ಕಂಬಕ್ಕೊರಗಿ ಕೂತು ಯಾರ ತಟ್ಟೆಯಲ್ಲಿ ಏನಿದೆ ಎಂದಲ್ಲ, ಯಾರ ಕೈ ಎಲ್ಲಿದೆ ಎಂದು ನೋಡುತ್ತಿದ್ದಳು. ಹಬೆಯಾಡುವ ಮುದ್ದೆ ತಟ್ಟೆಗೆ ಬಿದ್ದ ಕೂಡಲೇ ನನಗೆ ತಿಳಿಯುವ ಮೊದಲೇ ನನ್ನ ಎಡಗೈ ಮುಂದೆ ಹೋಗಿರುತ್ತಿತ್ತು.

"ಏಮೇ ಪುರ್ರಚೆಯ್ಯಿ! ನೋಡೋ ವೆಂಕಟಪ್ಪಾ, ನಿನ್ನ ಮಗಳು ಅನ್ನಾನ ಯಾವ ಕೈಲಿ ಮುಟ್ತಾವ್ಳೆ!"

ಪುರ್ರಚೆಯ್ಯಿ ಅಂದರೆ ಎಡಗೈ. ಅಜ್ಜಿಗೆ ಸಿಟ್ಟು ತೆಲುಗಿನಲ್ಲಿ ಬರುತ್ತಿತ್ತು, ಸಮಾಧಾನ ಕನ್ನಡದಲ್ಲಿ. ನನಗೆ ತೆಲುಗು ಚೆನ್ನಾಗಿ ಬಂದದ್ದು ಹಾಗೆ. ಆಗ ಅಪ್ಪ ಎದ್ದು, ಹೆಗಲ ಮೇಲಿನ ಟವೆಲು ತೆಗೆದು, ನನ್ನ ಎಡಗೈಯನ್ನು ಬೆನ್ನ ಹಿಂದೆ ತಂದು ಸೊಂಟಕ್ಕೆ ಕಟ್ಟುತ್ತಿದ್ದ. ಬಿಗಿಯಾಗಿ ಕಟ್ಟುತ್ತಿರಲಿಲ್ಲ. ಬಿಗಿಯಾಗಿ ಕಟ್ಟಿದ್ದರೆ ನನಗೆ ಅಷ್ಟು ರೋಷ ಬರುತ್ತಿರಲಿಲ್ಲವೇನೋ. ಕರುವನ್ನು ಗೂಟಕ್ಕೆ ಕಟ್ಟುವವರ ಹಾಗೆ, ಬೇರೆ ಏನನ್ನೋ ಯೋಚಿಸುತ್ತ ಕಟ್ಟುತ್ತಿದ್ದ. ನಾನು ಬಾಯಿ ಬಿಗಿದುಕೊಂಡು ಕೂತುಬಿಡುತ್ತಿದ್ದೆ. ಮುದ್ದೆ ಆರಿ ಮೇಲೆ ಪೊರೆ ಕಟ್ಟುತ್ತಿತ್ತು. ಎಲ್ಲರೂ ಕೈ ತೊಳೆದು ಎದ್ದು ಹೋಗುತ್ತಿದ್ದರು. ಪಾಠಶಾಲೆಯಲ್ಲಿ ಮೇಷ್ಟರು ಗೆಣ್ಣಿಗೆ ಹೊಡೆದು ಬಲಗೈಯಲ್ಲಿ ಬರೆಯುವುದನ್ನು ಕಲಿಸಿದರು, ಕಲಿತೆ. ಊಟದ ವಿಷಯದಲ್ಲಿ ಮಾತ್ರ ಸೋಲಲಿಲ್ಲ. ಅಮ್ಮ ಮಾಲೂರಿನವಳು, ಇಟ್ಟಿಗೆ ಗೂಡುಗಳ ಊರಿನ ಹೆಣ್ಣು, ಬಾಯಿ ಕಡಿಮೆ. ಮಧ್ಯಾಹ್ನ ಮನೆಯವರೆಲ್ಲ ಅಡ್ಡಾದ ಮೇಲೆ ರಾಗಿ ತುಂಬಿದ ದೊಡ್ಡ ಮಣ್ಣಿನ ವಾಡೆಯ ಹಿಂದೆ ನನ್ನನ್ನು ಕೂರಿಸಿ ತಟ್ಟೆ ಇಡುತ್ತಿದ್ದಳು.

"ಯಾವ ಕೈಲಾದ್ರೂ ತಿನ್ನು ಮಗಾ. ಹೊಟ್ಟೆ ಒಂದೇ ಅಲ್ವಾ."

ಆ ನಡುಮನೆಯ ಗೋಡೆಯಲ್ಲಿ, ಅಪ್ಪ ಕೂರುವ ಜಾಗದ ಮೇಲೆ, ಎರಡು ಗೂಟಗಳ ಮೇಲೆ ತುಪಾಕಿ ಇತ್ತು. ಅಪ್ಪನ ಅಪ್ಪನ ಕಾಲದ್ದು. ನಳಿಗೆಯ ಬಾಯಿಂದ ಮದ್ದು ತುಂಬಿ, ಹಿಂದೆ ಕೇಪು ಇಟ್ಟು ಹೊಡೆಯುವಂಥದ್ದು. ಸುತ್ತಲಿನ ಊರುಗಳಲ್ಲಿ ಅಪ್ಪನ ಗುರಿಗೆ ಹೆಸರಿತ್ತು. ಕಡಲೆಕಾಯಿ ಹೊಲಕ್ಕೆ ಹಂದಿ ಬಿದ್ದರೆ ಬೇರೆ ಊರಿನವರೂ ಬಂದು ಅವನನ್ನು ಕರೆಯುತ್ತಿದ್ದರು. ಆಯುಧಪೂಜೆಯ ದಿನ ನೇಗಿಲು, ಕುಡುಗೋಲು, ಮಚ್ಚುಗಳ ಮಧ್ಯೆ ಅದಕ್ಕೇ ದೊಡ್ಡ ಹಾರ. ಹೆಂಗಸರು ಅದನ್ನು ಮುಟ್ಟುವಂತಿರಲಿಲ್ಲ. ಹಬ್ಬಕ್ಕೆ ಸುಣ್ಣ ಬಳಿಯುವಾಗ ಅಮ್ಮ ಅದರ ಸುತ್ತ ಬಳಿಯುತ್ತಿದ್ದಳು. ತುಪಾಕಿಯನ್ನು ಕೆಳಗಿಳಿಸಿದ ದಿನ ಗೋಡೆಯ ಮೇಲೆ ಅದರದೇ ಆಕಾರದ ಹಳದಿ ಕಲೆಯೊಂದು ಕಾಣುತ್ತಿತ್ತು.

ಯುದ್ಧ ನಡೆಯುತ್ತಿದ್ದ ಕಾಲ, ನನಗೆ ಹನ್ನೆರಡು ತುಂಬಿತ್ತು. ಸೀಮೆಎಣ್ಣೆಗೆ ಪರದಾಟ, ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಒಂದು ಬೆಳಿಗ್ಗೆ ಅಪ್ಪ, ಚಿಕ್ಕಪ್ಪ ಇಬ್ಬರೂ ಹಂದಿ ಕಾಯಲು ಹೊಲಕ್ಕೆ ಹೋದರು. ಸದ್ದು ಕೇಳಿಸಿತು. ಅದರ ಹಿಂದೆಯೇ ಚಿಕ್ಕಪ್ಪನ ಕೂಗು. ಕೇಪು ಕೂರಿಸುವ ಕಬ್ಬಿಣದ ಮೊಳೆ ಸವೆದಿತ್ತು, ಕಿತ್ತುಕೊಂಡು ಹಿಂದಕ್ಕೆ ಹಾರಿ ಅಪ್ಪನ ಬಲಗಣ್ಣಿಗೆ ಹೊಡೆದಿತ್ತು. ಗಾಡಿ ಕಟ್ಟಿ ಕೋಲಾರದ ಆಸ್ಪತ್ರೆಗೆ ಕರೆದೊಯ್ದರು. ಜೀವ ಉಳಿಯಿತು, ಕಣ್ಣು ಉಳಿಯಲಿಲ್ಲ. ತಲೆಗೆ ಜೋರಾದ ಕುಲುಕು ತಾಗಬಾರದು, ತಾಗಿದರೆ ಇನ್ನೊಂದು ಕಣ್ಣಿಗೂ ತೊಂದರೆ ಎಂದು ಡಾಕ್ಟರು ಹೇಳಿ ಕಳಿಸಿದರು.

ಅಪ್ಪ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮನೆಗೆ ಬಂದ ದಿನ ಅಮ್ಮ ಅವರೆಕಾಳಿನ ಸಾರು ಮಾಡಿದ್ದಳು. ಅಪ್ಪ ಕಾಲು ತೊಳೆದು ನಡುಮನೆಗೆ ಬಂದ. ತುಪಾಕಿಯ ಕೆಳಗಿನ ಅವನ ಜಾಗದಲ್ಲಿ ಚಿಕ್ಕಪ್ಪ ಕೂತಿದ್ದ. ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಅಲ್ಲೇ ಕೂತು ಅವನಿಗೆ ಅಭ್ಯಾಸವಾಗಿತ್ತು. ಏಳಲಿಲ್ಲ.

"ಅಣ್ಣಾ, ತುಪಾಕಿ ರಿಪೇರಿ ಮಾಡಿಸ್ತೀನಿ. ಲೈಸೆನ್ಸು ನನ್ನ ಹೆಸರಿಗೆ ಮಾಡ್ಸಿಬಿಡು. ಒಂಟಿ ಕಣ್ಣಲ್ಲಿ ನೀನೇನು ಗುರಿ ಇಡ್ತೀಯ?"

"ಕಣ್ಣು ಹೋಗೈತೆ ಕಣಪ್ಪಾ, ನಾನು ಹೋಗಿಲ್ಲ. ಏಳು ಮೇಲೆ."

ಚಿಕ್ಕಪ್ಪ ಎದ್ದ. ಆದರೆ ಅಜ್ಜಿ ಅವನ ಪರವಾಗಿಯೇ ಮಾತಾಡಿದಳು. ಅಂಗ ಊನವಾದವನು ಆಯುಧಪೂಜೆಗೆ ಕೂರಬಾರದು, ಈ ವರ್ಷದಿಂದ ಚಿಕ್ಕವನೇ ಕೂರಲಿ ಎಂದಳು. ಅಪ್ಪ ತಟ್ಟೆ ನೋಡುತ್ತ ಕೂತ. ಅವನ ಮುಖ ನೋಡಿ ನನಗೆ ಅಯ್ಯೋ ಅನ್ನಿಸಲಿಲ್ಲ. ಈಗ ನಿನಗೂ ಗೊತ್ತಾಯಿತಲ್ಲ ಅನ್ನಿಸಿತು.

ಕೆಲವು ದಿನಗಳ ಮೇಲೆ ಹಿತ್ತಲಿನ ಹುಲ್ಲಿನ ಬಣವೆಯ ಹಿಂದೆ ಅಪ್ಪನನ್ನು ಕಂಡೆ. ಒಂದು ಉದ್ದನೆಯ ದೊಣ್ಣೆಯನ್ನು ತುಪಾಕಿಯ ಹಾಗೆ ಎಡ ಹೆಗಲಿಗೆ ಏರಿಸುತ್ತಿದ್ದ, ಇಳಿಸುತ್ತಿದ್ದ. ಉಳಿದದ್ದು ಎಡಗಣ್ಣಾದ್ದರಿಂದ ಎಡ ಹೆಗಲಿಗೇ ಇಡಬೇಕಿತ್ತು. ದೊಣ್ಣೆ ಪ್ರತಿ ಸಲವೂ ಬಲಕ್ಕೇ ಹೋಗುತ್ತಿತ್ತು. ಎಡಕ್ಕೆ ತಂದರೆ ಮೊಣಕೈ ಕೋಳಿಯ ರೆಕ್ಕೆಯ ಹಾಗೆ ಮೇಲೇಳುತ್ತಿತ್ತು, ಕತ್ತು ಸೊಟ್ಟಗಾಗುತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ. ಅಪ್ಪ ತಿರುಗಿ ದೊಣ್ಣೆ ಎತ್ತಿಕೊಂಡೇ ಬಂದ. ನಾನು ಓಡಲಿಲ್ಲ. ದೊಣ್ಣೆ ಅವನ ಕೈಯಿಂದ ತೆಗೆದುಕೊಂಡು ನನ್ನ ಎಡ ಹೆಗಲಿಗೆ ಏರಿಸಿ ನಿಂತೆ. ನೀರು ಕುಡಿದಷ್ಟು ಸಲೀಸಾಗಿ ಏರಿತು. ಅಪ್ಪ ನನ್ನ ಮೊಣಕೈಯನ್ನು ನೋಡಿದ. ಆಮೇಲೆ ನನ್ನ ಸುತ್ತ ಒಂದು ಸುತ್ತು ಬಂದ.

"ಇನ್ನೊಂದ್ಸಲ ಏರಿಸು. ನಿಧಾನಕ್ಕೆ."

"ಏರಿಸಲ್ಲ."

"ಯಾಕೆ?"

"ಊಟದಾಗ ಕೈ ಕಟ್ಟಲ್ಲ ಅಂತ ಹೇಳು. ಆಮೇಲೆ ಹೇಳಿಕೊಡ್ತೀನಿ."

ಅಪ್ಪನಿಗೆ ಕೋಪ ಬಂತು. "ಅಪ್ಪನ ಹತ್ರ ವ್ಯಾಪಾರ ಮಾಡ್ತೀಯೇನೇ?" ಎಂದ. ಹೌದು ಎಂದೆ. ದೊಣ್ಣೆಯನ್ನು ಕೆಳಗಿಟ್ಟು ಅದರ ಮೇಲೆ ಕಾಲಿಟ್ಟುಕೊಂಡು ನಿಂತೆ. ಅಷ್ಟು ದೊಡ್ಡ ಮನುಷ್ಯ ನನ್ನಿಂದ ಏನನ್ನಾದರೂ ಕೇಳಬೇಕಾದದ್ದು ಅದೇ ಮೊದಲು. ಅಂಥದ್ದು ಮತ್ತೆ ಸಿಗುತ್ತದೆಂದು ನನಗೆ ನಂಬಿಕೆ ಇರಲಿಲ್ಲ. ಅಪ್ಪ ಮನೆಯೊಳಕ್ಕೆ ಹೋದ.

ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಎಡಗೈ ಎಂದಿನಂತೆ ಮುಂದೆ ಬಂತು. ಅಜ್ಜಿ ಎಂದಿನಂತೆ ಕೂಗಿದಳು. ಅಪ್ಪ ಟವೆಲಿನಲ್ಲಿ ಬಾಯಿ ಒರೆಸಿಕೊಂಡು ಅದನ್ನು ಮತ್ತೆ ಹೆಗಲಿಗೆ ಹಾಕಿಕೊಂಡ.

"ಉಣ್ಣಲಿ ಬಿಡಮ್ಮಾ."

"ಏನಂದೆ?"

"ಉಣ್ಣಲಿ ಬಿಡು ಅಂದೆ. ಇನ್ನು ಮೇಲೆ ಅವಳ ಕೈ ಸುದ್ದಿಗೆ ಯಾರೂ ಹೋಗಬೇಡಿ."

ಅಜ್ಜಿ ಎದ್ದು ಅಡಿಗೆಮನೆಯ ಬಾಗಿಲಿಗೆ ಹೋಗಿ ನಮ್ಮ ಕಡೆಗೆ ಬೆನ್ನು ಮಾಡಿ ಕೂತಳು. ಮುಂದೆ ತಿಂಗಳುಗಟ್ಟಲೆ ನಮ್ಮ ಊಟದ ಹೊತ್ತಿಗೆ ಆ ಬೆನ್ನು ಅಲ್ಲೇ ಇರುತ್ತಿತ್ತು. ನಾನು ಆ ದಿನ ಎರಡು ಮುದ್ದೆ ಉಂಡೆ. ಬಾಗಿಲ ಸಂದಿಯಿಂದ ಅಮ್ಮ ನೋಡುತ್ತಿದ್ದಳು. ಕೇಳದಿದ್ದರೂ ಬಂದು ಮೂರನೆಯದನ್ನು ಹಾಕಿದಳು.

ಹಳೆಯ ತುಪಾಕಿಯನ್ನು ಅಪ್ಪ ಗೋಡೆಯಿಂದ ಇಳಿಸಿ ಅಟ್ಟಕ್ಕೆ ಹಾಕಿದ, ಮತ್ತೆ ಮುಟ್ಟಲಿಲ್ಲ. ಹೊಸದು ಕೊಳ್ಳೋಣವೆಂದರೆ ಯುದ್ಧದಿಂದಾಗಿ ಅಂಗಡಿಗಳಲ್ಲಿ ಏನೂ ಇರಲಿಲ್ಲ. ಇದ್ದರೂ ಎಲ್ಲವೂ ಬಲಗೈಯವರಿಗೆ ಮಾಡಿದ್ದು, ಹೆಗಲಿಗೆ ಕುದುರೆ ಒದ್ದ ಹಾಗೆ ಒದೆಯುವಂಥದ್ದು. ಮುಳಬಾಗಿಲಿನಲ್ಲಿ ಖಾದರ್ ಸಾಬ್ ಎಂಬುವರಿದ್ದರು. ತುಪಾಕಿ ರಿಪೇರಿಗೆ ಸರ್ಕಾರದ ಲೈಸೆನ್ಸು ಇದ್ದವರು, ಒಂದು ಕಾಲಕ್ಕೆ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ದುಡಿದವರು. ಮಹಾ ಸಿಟ್ಟಿನ ಮನುಷ್ಯ. ಬೇಗ ಮಾಡಿಕೊಡಿ ಎಂದವರ ಸಾಮಾನನ್ನು ಬೀದಿಗೆ ಇಡುತ್ತಿದ್ದರು. ತಮ್ಮಂಥ ಕೈ ಮೈಸೂರು ಸೀಮೆಯಲ್ಲೇ ಇಲ್ಲ ಎಂದು ತಾವೇ ಹೇಳಿಕೊಳ್ಳುತ್ತಿದ್ದರು. ಅಪ್ಪ ನನ್ನನ್ನು ಇದ್ದಿಲ ಬಸ್ಸಿನಲ್ಲಿ ಕೂರಿಸಿಕೊಂಡು ಅಲ್ಲಿಗೆ ಹೋದ. ಏರು ಬಂದಾಗಲೆಲ್ಲ ಇಳಿದು ನಡೆಯಬೇಕಿತ್ತು. ಸಾಬರ ಮನೆ ತಲುಪುವ ಹೊತ್ತಿಗೆ ನಮ್ಮಿಬ್ಬರ ಮುಖವೂ ಕಪ್ಪಾಗಿತ್ತು.

ಅಪ್ಪ ತನಗೆ ಬೇಕಾದ್ದನ್ನು ಹೇಳಿದ. ಎಡಗೈಯಲ್ಲಿ ಹೊಡೆಯುವಂಥದ್ದು ಬೇಕು, ಒದೆಯಬಾರದು, ಹಂದಿ ಮಾತ್ರ ಬೀಳಬೇಕು. ಸಾಬರು ಗಟ್ಟಿಯಾಗಿ ನಕ್ಕರು. ಆಮೇಲೆ ಒಳಗೆ ಹೋಗಿ ಗೆದ್ದಲು ತಿಂದ ಹಿಡಿಯ ಹಳೆಯ ರೈಫಲ್ಲೊಂದನ್ನು ತಂದರು. ಗಣಿಯ ಬಿಳಿಯರೊಬ್ಬರು ಊರಿಗೆ ಹೋಗುವಾಗ ಮಾರಿದ್ದಂತೆ. ನಳಿಗೆ ಸಣ್ಣದು, ಒಳಗಿನ ಸುರುಳಿ ಗೆರೆಗಳು ಇನ್ನೂ ಹೊಳೆಯುತ್ತಿದ್ದವು. ಆದರೆ ಅದಕ್ಕೆ ಆಗುವ ತೋಟಾ, ಅಂದರೆ ಮದ್ದುಗುಂಡು ತುಂಬಿದ ಚಿಪ್ಪು, ವಿಲಾಯತಿಯಿಂದ ಬರುವುದು ನಿಂತೇ ಹೋಗಿತ್ತು. ಸಾಬರು ಒಂದು ಬಿಸ್ಕತ್ತಿನ ಡಬ್ಬಿಯನ್ನೂ ತಂದು ನೆಲಕ್ಕೆ ಸುರಿದರು. ಇನ್ಯಾವುದೋ ದೊಡ್ಡ ಬಂದೂಕಿನ ಹಿತ್ತಾಳೆ ಚಿಪ್ಪುಗಳು. ಆ ಬಂದೂಕು ಹಡಗು ಹತ್ತಿ ಹೋಗಿತ್ತು, ಚಿಪ್ಪುಗಳು ಮಾತ್ರ ಇಲ್ಲೇ ಉಳಿದಿದ್ದವು.

"ನಳಿಗೆ ಐತೆ, ತೋಟಾ ಇಲ್ಲ. ತೋಟಾದ ಚಿಪ್ಪು ಐತೆ, ಅದಕ್ಕೆ ನಳಿಗೆ ಇಲ್ಲ," ಎಂದರು ಸಾಬರು. "ಇವೆರಡಕ್ಕೂ ನಾನು ನಿಕಾ ಮಾಡಿಸ್ತೀನಿ. ಚಿಪ್ಪನ್ನ ಮೊಟಕು ಮಾಡಿ, ಕತ್ತು ಹಿಸುಕಿ, ಸಣ್ಣ ಗುಂಡು ಕೂರಿಸಿದ್ರೆ ಒದೆಯಲ್ಲ. ಇಂಥ ತೋಟಾ ಯಾವ ಕಂಪನಿಯಲ್ಲೂ ಇಲ್ಲ ವೆಂಕಟಪ್ಪನೋರೇ. ಹೆದರಿಕೆ ಆದ್ರೆ ಈಗ್ಲೇ ಹೇಳಿ."

"ಹೆದರೋದು ಈಗೇನು ಉಳಿದೈತೆ?" ಎಂದ ಅಪ್ಪ.

ಹಿಡಿಗೆ ಅಳತೆ ತೆಗೆಯುವಾಗ ಮೊದಲ ಜಗಳವಾಯಿತು. ಅಪ್ಪ ದೊಣ್ಣೆ ಏರಿಸಿ ತೋರಿಸಿದ. ಸಾಬರು ನೋಡಿ ತಲೆಯಾಡಿಸಿದರು.

"ನೀವು ಬಲಗೈಯೋರು, ಎಡಗೈಯೋನ ನಾಟಕ ಆಡ್ತಾ ಇದ್ದೀರಿ. ಈ ಅಳತೇಲಿ ಮಾಡಿದ್ರೆ ತುಪಾಕೀನೂ ನಾಟಕಾನೇ ಆಡುತ್ತೆ. ಈ ಮಗೂನ ಏರಿಸೋಕೆ ಹೇಳಿ."

ನಾನು ಏರಿಸಿದೆ. ಸಾಬರು ನನ್ನ ಹೆಗಲಿಂದ ಬೆರಳಿನವರೆಗೆ, ಕೆನ್ನೆಯಿಂದ ಹೆಗಲಿನವರೆಗೆ ದಾರ ಹಿಡಿದು ಗಂಟು ಹಾಕಿಕೊಂಡರು. ದೊಡ್ಡವರ ಕೈಗೆ ಎಷ್ಟು ಉದ್ದ ಸೇರಿಸಬೇಕೋ ಸೇರಿಸುತ್ತೇನೆ, ಆದರೆ ಬಾಗು ಮಾತ್ರ ಇವಳದೇ ಎಂದರು. ಅಪ್ಪನ ಮುಖ ಬಿಗಿಯಿತು. ಬೇಡ ಎನ್ನಲಿಲ್ಲ.

ಆ ಚಳಿಗಾಲವೆಲ್ಲ ನಾವು ಮುಳಬಾಗಿಲಿಗೆ ಹೋಗಿ ಬರುವುದೇ ಆಯಿತು. ಹೊನ್ನೆ ಮರದ ಹಿಡಿ ತಯಾರಾಯಿತು. ತೋಟಾ ಹಾಕಿ ತೆಗೆಯುವ ಬೋಲ್ಟಿನ ಕೈಯನ್ನು ಬಲಗಡೆಯಿಂದ ಕಿತ್ತು ಎಡಗಡೆಗೆ ಕೂರಿಸಿದರು. ನಮ್ಮನ್ನು ಸತಾಯಿಸಿದ್ದು ಮಾತ್ರ ತೋಟಾ. ಉಕ್ಕಿನ ಅಚ್ಚಿಗೆ ಚಿಪ್ಪನ್ನು ಒತ್ತಿದರೆ ಕತ್ತು ಕಿರಿದಾಗುವ ಬದಲು ಬಾಳೆಹೂವಿನ ಹಾಗೆ ಬಿರಿದುಕೊಳ್ಳುತ್ತಿತ್ತು. ಹಿತ್ತಾಳೆ ಹಳೆಯದು, ಗಡುಸು. ಒಂದರ ಹಿಂದೆ ಒಂದು ಸೀಳಿದವು. ಡಬ್ಬಿ ಅರ್ಧವಾಯಿತು. ಅಪ್ಪ ಒಂದು ದಿನ ತಾಳ್ಮೆಗೆಟ್ಟು, "ಸಾಬರೇ, ಇದು ಆಗೋ ಕೆಲಸಾನಾ?" ಎಂದ. ಸಾಬರು ಅಚ್ಚನ್ನೂ ಸುತ್ತಿಗೆಯನ್ನೂ ಅಂಗಳಕ್ಕೆ ಎಸೆದರು, ನಳಿಗೆಯನ್ನು ಅಪ್ಪನ ಕೈಗೆ ತುರುಕಿದರು. ಇಬ್ಬರೂ ಕೂಗಾಡಿದರು. ಅಪ್ಪನಿಗೆ ಸಿಟ್ಟಿನಲ್ಲಿ ತೆಲುಗು, ಅವರಿಗೆ ಉರ್ದು. ನಾನು ಅಂಗಳಕ್ಕೆ ಹೋಗಿ ಅಚ್ಚನ್ನು ಎತ್ತಿಕೊಂಡು ಬಂದು, ಲಂಗದಲ್ಲಿ ಮಣ್ಣು ಒರೆಸಿ, ಸಾಬರ ಮುಂದೆ ಇಟ್ಟೆ. "ಇನ್ನೊಂದು ಮಾಡಿ" ಎಂದೆ. ಅವರು ಅಚ್ಚನ್ನು ತಿರುಗಿಸಿ ನೋಡಿದರು. ಆಮೇಲೆ ಕುಲುಮೆ ಹೊತ್ತಿಸಿದರು. ಬುಡ ಗಡುಸಾಗಿಯೇ ಉಳಿಯಬೇಕು, ಕತ್ತು ಮಾತ್ರ ಮೆತ್ತಗಾಗಬೇಕು. ಆ ಹದಕ್ಕಾಗಿ ಅವರು ಉಳಿದ ದಿನಗಳನ್ನೆಲ್ಲ ಬೆಂಕಿಯ ಮುಂದೆ ಕಳೆದರು. ಸಂಕ್ರಾಂತಿಯ ಆಸುಪಾಸಿನಲ್ಲಿ ಒಂದು ಚಿಪ್ಪು ಸೀಳದೆ ಹೊರಗೆ ಬಂತು. ಹೆಗಲಿದ್ದು, ಕತ್ತು ಸಣ್ಣಗಾಗಿ, ಅತ್ತರಿನ ಶೀಶೆಯ ಹಾಗಿತ್ತು.

"ಕಂಪನಿಯೋರು ಬುಡದಲ್ಲಿ ಹೆಸರು ಹಾಕ್ತಾರೆ," ಎಂದರು ಸಾಬರು. ಅವರಿಗೆ ಅಂದು ಖುಷಿಯೋ ಖುಷಿ. "ಇದಕ್ಕೆ ಏನು ಹೆಸರು ಹಾಕ್ಲಿ?"

ಅಪ್ಪ ಯೋಚಿಸುತ್ತಿದ್ದ. ಮನೆದೇವರ ಹೆಸರು ಹೇಳುತ್ತಾನೆ ಎಂದುಕೊಂಡೆ. ಅವನು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ.

"ಎಡಚಿ ಅಂತ ಹಾಕಿ."

ಊರಿನ ಹುಡುಗರು ನನ್ನನ್ನು ಕೂಗುತ್ತಿದ್ದ ಹೆಸರು ಅದು. ಅಪ್ಪನ ಒಂದೇ ಕಣ್ಣು ನನ್ನ ಮೇಲೆ ನಿಂತಿತು. ಹಾಕಿ ಎಂದು ಅವನೂ ಹೇಳಿದ.

ಹೊಡೆದು ನೋಡುವುದಕ್ಕೆ ಖಾದರ್ ಸಾಬರೇ ನಮ್ಮೂರಿಗೆ ಬಂದರು. ಊರಾಚೆ ಗುಡ್ಡದ ಬುಡದಲ್ಲಿ ನಮ್ಮ ಮಾವಿನ ತೋಪು. ಮೊದಲ ಗುಂಡನ್ನು ಯಾರೂ ಹೆಗಲಿಗೆ ಇಟ್ಟು ಹೊಡೆಯಕೂಡದು ಎಂದು ಸಾಬರ ಆಣೆ. ತುಪಾಕಿಯನ್ನು ಮಾವಿನ ಮರದ ಕವಲಿಗೆ ಹಗ್ಗದಲ್ಲಿ ಬಿಗಿದು, ಉದ್ದನೆಯ ದಾರ ಕಟ್ಟಿ, ನಾವೆಲ್ಲ ಬದುವಿನ ಹಿಂದೆ ಮಲಗಿದೆವು. ಸಾಬರು ದೇವರ ಹೆಸರು ಹೇಳಿ ದಾರ ಎಳೆದರು. ಹಳೆಯ ತುಪಾಕಿಯ ಗುಡುಗಲ್ಲ; ಚಾಟಿ ಬೀಸಿದಂಥ ಚುರುಕು ಸದ್ದು. ಹೋಗಿ ನೋಡಿದರೆ ನಳಿಗೆ, ಬೋಲ್ಟು, ಮರ ಎಲ್ಲವೂ ನೆಟ್ಟಗಿದ್ದವು. ಸಾಬರು ಚಿಪ್ಪನ್ನು ಹೊರಗೆಳೆದು, ಬಿಸಿಲಿಗೆ ಹಿಡಿದು, ಸೀಳಿದೆಯೇ ಎಂದು ತಿರುಗಿಸಿ ತಿರುಗಿಸಿ ನೋಡಿದರು. ಸೀಳಿರಲಿಲ್ಲ. ಅಪ್ಪನನ್ನು ಅಪ್ಪಿಕೊಂಡರು.

ಆಮೇಲೆ ಅಪ್ಪ ಬಂಡೆಯ ಮೇಲೆ ಮಡಕೆ ಇಟ್ಟು ಎಡ ಹೆಗಲಿಂದ ಹೊಡೆದ. ತಪ್ಪಿತು. ಮತ್ತೆ ಹೊಡೆದ, ಮತ್ತೆ ತಪ್ಪಿತು. ಚಳಿಗಾಲವೆಲ್ಲ ನಾನು ಹೇಳಿಕೊಟ್ಟಿದ್ದೆ, ಅವನು ಕಲಿತಿದ್ದ. ಆದರೆ ಬೆರಳು ಎಳೆಯುವ ಕ್ಷಣದಲ್ಲಿ ಅವನ ಮೈ ಬಲಗೈಯವನಾಗಿಬಿಡುತ್ತಿತ್ತು. ಕೊನೆಗೆ ತುಪಾಕಿಯನ್ನು ನನ್ನ ಕಡೆಗೆ ಚಾಚಿದ. ಹಿಡಿ ನನ್ನ ಕೆನ್ನೆಗೆ ತಾಗಿದ ರೀತಿ ನನಗೆ ಇನ್ನೂ ನೆನಪಿದೆ. ಜಗತ್ತಿನಲ್ಲಿ ನನ್ನ ಮೈಗೆ ಅಂತಲೇ ಮಾಡಿದ ಒಂದು ವಸ್ತು. ನನ್ನ ಮೊದಲ ಗುಂಡೂ ತಪ್ಪಿತು. ಎರಡನೆಯದಕ್ಕೆ ಮಡಕೆ ಇರಲಿಲ್ಲ.

"ಮನೇಲಿ ಹೇಳಬೇಡ," ಎಂದ ಅಪ್ಪ, ದಾರಿಯಲ್ಲಿ.

"ಹೇಳ್ತೀನಿ."

ಹೇಳಿದೆ. ಊಟಕ್ಕೆ ಕೂತಾಗ, ಎಲ್ಲರೆದುರಿಗೆ. ಚಿಕ್ಕಪ್ಪ ತಟ್ಟೆ ಬಿಟ್ಟು ಎದ್ದುಹೋದ. ಅಜ್ಜಿಯ ಬೆನ್ನು ಅಲುಗಲಿಲ್ಲ. ಅಮ್ಮ ನನ್ನ ತಟ್ಟೆಗೆ ಸಾರು ಹಾಕಿದಳು. ಮರುದಿನ ಗೋಡೆಯ ಮೇಲಿನ ಆ ಹಳದಿ ಕಲೆಗೆ ಸುಣ್ಣ ಬಳಿದಳು.

ಮುಂದಿನ ಕಡಲೆಕಾಯಿ ಬೆಳೆಗೆ ಹಂದಿಗಳು ಮತ್ತೆ ಬಂದವು. ಬೆಳಕು ಹರಿಯುವ ಹೊತ್ತು. ಅಪ್ಪ ತುಪಾಕಿ ಹಿಡಿದು ಬದುವಿನ ಮೇಲೆ, ನಾನು ಅವನ ಪಕ್ಕದಲ್ಲಿ. ಚಿಕ್ಕಪ್ಪ ಈಟಿ ಹಿಡಿದು ಇನ್ನಿಬ್ಬರ ಜೊತೆ ಹೊಲದ ಆ ತುದಿಯಿಂದ ಹಂದಿಗಳನ್ನು ಎಬ್ಬಿಸುತ್ತಿದ್ದ. ಒಂದು ದೊಡ್ಡ ಗಂಡುಹಂದಿ ಹೊರಗೆ ಬಂತು. ಅಪ್ಪ ಹೊಡೆದ. ಗುಂಡು ಅದರ ಬೆನ್ನ ಹಿಂದಿನ ಮಣ್ಣು ಹಾರಿಸಿತು. ಹಂದಿ ಸರ್ರನೆ ತಿರುಗಿ ಚಿಕ್ಕಪ್ಪನ ಕಡೆಗೆ ನುಗ್ಗಿತು. ಜೊತೆಗಿದ್ದವರು ಓಡಿದರು. ಚಿಕ್ಕಪ್ಪ ಹಿಂದಕ್ಕೆ ಹೆಜ್ಜೆ ಇಟ್ಟವನು ಬಳ್ಳಿಗೆ ಕಾಲು ಸಿಕ್ಕಿ ಬಿದ್ದ, ಈಟಿ ಎಲ್ಲೋ ಹೋಯಿತು. ಅಪ್ಪ ಇನ್ನೊಂದು ತೋಟಾ ಹಾಕಿ, ತುಪಾಕಿಯನ್ನು ತನ್ನ ಹೆಗಲಿಗೆ ಏರಿಸಲಿಲ್ಲ, ನನ್ನ ಕೈಗಿಟ್ಟ.

"ಹೊಡಿ."

ಅಷ್ಟೇ ಹೇಳಿದ್ದು. ತಪ್ಪಿದರೆ ಏನಾಗುತ್ತದೆ ಎಂದು ಯೋಚಿಸಲು ವ್ಯವಧಾನವಿರಲಿಲ್ಲ. ನಳಿಗೆಯ ತುದಿಯ ಮಣಿ ಹಂದಿಯ ಹೆಗಲಿನ ಮೇಲೆ ಕೂತಿತು, ನಾನು ಎಳೆದೆ. ಹಂದಿ ಚಿಕ್ಕಪ್ಪನ ಕಾಲ ಹತ್ತಿರ ಮುಗ್ಗರಿಸಿ ಬಿತ್ತು. ಅವನು ಎದ್ದು ಮೈ ಕೊಡವಿಕೊಂಡ. ನನ್ನನ್ನು ನೋಡಿದ. ಆ ನೋಟದಲ್ಲಿ ಉಪಕಾರ ಸ್ಮರಣೆ ಇರಲಿಲ್ಲ. ಜೊತೆಯವರಿಬ್ಬರೂ ಊರಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು. ಸಂಜೆಯೊಳಗೆ ಅರಳಿಕಟ್ಟೆಯಲ್ಲಿ ಅದೇ ಮಾತು, ಅದೇ ನಗು. ಹೆಣ್ಣುಮಗುವಿನ ಕೈಯಲ್ಲಿ ಜೀವ ಉಳಿಸಿಕೊಂಡವನು ಎಂಬ ಹೆಸರು ಚಿಕ್ಕಪ್ಪನಿಗೆ ಅಂಟಿಕೊಂಡಿತು. ಶ್ರೀನಿವಾಸಪುರದ ಕಡೆಯಿಂದ ನನ್ನನ್ನು ನೋಡಲು ಬರಬೇಕಿದ್ದ ಗಂಡಿನವರು ಬರುವುದಿಲ್ಲವೆಂದು ಹೇಳಿ ಕಳಿಸಿದರು. ಅಮ್ಮ ಕಣ್ಣೀರು ಹಾಕಿದಳು. ನನಗೆ ಆ ದಿನ ಹಸಿವು ಚೆನ್ನಾಗಿ ಆಗಿತ್ತು.

ಒಂದು ತಿಂಗಳೊಳಗೆ ಪೊಲೀಸ್ ದಫೇದಾರ ಮನೆಗೆ ಬಂದ. ಈ ಮನೆಯಲ್ಲಿ ಕಳ್ಳ ತುಪಾಕಿ ಮಾಡಿದ್ದಾರೆ, ಹುಡುಗಿಯ ಕೈಗೆ ಕೊಟ್ಟಿದ್ದಾರೆ ಎಂದು ದೂರು ಹೋಗಿತ್ತು. ಕೊಟ್ಟವರು ಯಾರೆಂದು ದಫೇದಾರ ಹೇಳಲಿಲ್ಲ. ಚಿಕ್ಕಪ್ಪ ದನದ ಕೊಟ್ಟಿಗೆಯಿಂದ ಹೊರಗೆ ಬರಲಿಲ್ಲ. ಅಪ್ಪ ಲೈಸೆನ್ಸನ್ನೂ, ತಾಲ್ಲೂಕು ಕಚೇರಿಯಲ್ಲಿ ಹೊಸ ತುಪಾಕಿಯನ್ನು ತೋರಿಸಿ ಹಾಕಿಸಿಕೊಂಡಿದ್ದ ಮೊಹರನ್ನೂ ಮುಂದಿಟ್ಟ. ಎಲ್ಲವೂ ಸರಿಯಾಗಿತ್ತು. ದಫೇದಾರ ತುಪಾಕಿಯನ್ನು ತಿರುವಿ ನೋಡಿದ. ಬೋಲ್ಟಿಗಾಗಿ ಅವನ ಕೈ ಬಲಗಡೆ ತಡಕಾಡಿತು.

"ಇದ್ಯಾವ ಕಂಪನೀದಪ್ಪಾ?"

"ಕಂಪನಿ ಅಲ್ಲ ಸ್ವಾಮಿ. ಮನೇದು."

"ಇನ್ನು ಮೇಲೆ ಹೆಣ್ಣುಮಗೂ ಕೈಗೆ ಕೊಡಬೇಡ."

"ಹಂದಿಗೂ ಹೇಳಿಬಿಡಿ ಸ್ವಾಮಿ, ಇನ್ನು ಮೇಲೆ ಬರಬೇಡ ಅಂತ."

ದಫೇದಾರನಿಗೆ ನಗು ಬಂತು. ಗದರಿಸಿದಂತೆ ಮಾಡಿ, ಮಜ್ಜಿಗೆ ಕುಡಿದು ಹೊರಟುಹೋದ. ಮನೆಯೊಳಗಿದ್ದ ಯಾರಿಗೂ ನಗು ಬರಲಿಲ್ಲ. ಅಪ್ಪ ಕೊಟ್ಟಿಗೆಯ ಬಾಗಿಲಿಗೆ ಹೋಗಿ ನಿಂತ. ಅಣ್ಣತಮ್ಮಂದಿರು ಕೂಗಾಡಿದರೆ ಆ ಮನೆ ಉಳಿಯುತ್ತಿತ್ತೇನೋ, ಅವರು ಮೆಲ್ಲಗೆ ಮಾತಾಡಿದರು. ಭಾಗವಾಗಲಿ ಎಂದು ಚಿಕ್ಕಪ್ಪನೇ ಮೊದಲು ಅಂದದ್ದು. ಆಗಲಿ ಎಂದು ಅಪ್ಪ ಒಪ್ಪಿದ.

ಊರ ಹಿರಿಯರು ಜಗುಲಿಯಲ್ಲಿ ಕೂತರು. ಮನೆ, ಬಾವಿ, ಊರ ಮುಂದಿನ ಗದ್ದೆ ತನಗೆ ಬೇಕೆಂದ ಚಿಕ್ಕಪ್ಪ. ಹಿರಿಯರು ಇದು ಸಮ ಅಲ್ಲ ಎಂದರು. ಅಪ್ಪನೇ ಅವರ ಮಾತು ತಡೆದು, ತನಗೆ ಕಡಲೆಕಾಯಿ ಹೊಲ, ಗುಡ್ಡದ ಬುಡದ ತೋಪು, ತುಪಾಕಿ ಇಷ್ಟೇ ಸಾಕು ಎಂದ. ತಾಯಿ ಯಾರ ಜೊತೆ ಎಂಬ ಪ್ರಶ್ನೆ ಬಂತು. ಮನೆ ಇರುವುದು ಚಿಕ್ಕವನಿಗೆ, ವಯಸ್ಸಾದವಳು ತೋಪಿನ ಗುಡಿಸಲಲ್ಲಿ ಹೇಗಿರುತ್ತಾಳೆ, ಅಲ್ಲದೆ ದೊಡ್ಡವನ ಮನೆಯ ಆಚಾರ ಅವಳಿಗೆ ಸೇರದು ಎಂದು ತೀರ್ಮಾನವಾಯಿತು. ಅಜ್ಜಿ ಬಾಗಿಲ ಹಿಂದೆ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಮಾತಾಡಲಿಲ್ಲ. ಅವಳು ಒಪ್ಪಿದಳೆಂದೇ ನಾವೆಲ್ಲ ತಿಳಿದೆವು. ನನಗಂತೂ ಹಗುರವೇ ಆಯಿತು.

ಹೊರಡುವ ಬೆಳಿಗ್ಗೆ ಗಾಡಿಗೆ ಪಾತ್ರೆ, ಹಾಸಿಗೆ, ಒರಳು, ರಾಗಿ ಮೂಟೆ ಏರಿಸಿದ್ದೆವು. ಅಪ್ಪ ಎತ್ತು ಹೂಡುತ್ತಿದ್ದ. ಅಮ್ಮ ಹೊಸಿಲಿಗೆ ಕೈಮುಗಿದು ಬಂದಳು. ಊರಿನವರು ಕೆಲವರು ನೋಡುತ್ತ ನಿಂತಿದ್ದರು. ಆಗ ಅಜ್ಜಿ ಒಂದು ಕಂಕುಳಲ್ಲಿ ಸೀರೆಯ ಗಂಟು, ಇನ್ನೊಂದರಲ್ಲಿ ತನ್ನ ಎಲೆಅಡಿಕೆಯ ಡಬ್ಬಿ ಇರುಕಿಕೊಂಡು ಹೊರಗೆ ಬಂದಳು. ಚಿಕ್ಕಪ್ಪ ಹಿಂದೆಯೇ ಓಡಿ ಬಂದ.

"ಎಲ್ಲಿಗಮ್ಮಾ? ನೀನು ಇಲ್ಲೇ ಇರೋದು ಅಂತ ತೀರ್ಮಾನ ಆಗೈತೆ!"

"ಯಾರು ಮಾಡಿದ್ರೋ ತೀರ್ಮಾನ? ನನ್ನನ್ನ ಕೇಳಿದ್ರಾ?"

"ಅಲ್ಲಮ್ಮಾ, ಆ ಪುರ್ರಚೆಯ್ಯಿ ಜೊತೆ ನೀನು ಹೆಂಗಿರ್ತೀಯ?"

ಅಜ್ಜಿ ಗಂಟನ್ನು ಗಾಡಿಯೊಳಕ್ಕೆ ಎಸೆದು ಅವನ ಕಡೆಗೆ ತಿರುಗಿದಳು. ನನ್ನನ್ನು ಆ ಹೆಸರಿನಿಂದ ಅವಳು ಕರೆಯಬಹುದಿತ್ತು. ಬೇರೆಯವರ ಬಾಯಲ್ಲಿ ಅದನ್ನು ಕೇಳಿ ಅವಳ ಮುಖ ಕೆಂಪಾಗಿತ್ತು.

"ನೀನು ಬಿದ್ದಿದ್ದಾಗ ಹಂದೀನ ಕೆಡವಿದ್ದು ಯಾವ ಕೈಯೋ? ಪೊಲೀಸ್ನೋರಿಗೆ ದೂರು ಕೊಟ್ಯಲ್ಲ, ಅದನ್ನೂ ಹೇಳ್ದ್ಯಾ?"

ಚಿಕ್ಕಪ್ಪ ತಲೆ ತಗ್ಗಿಸಿದ. ಅಪ್ಪ ನೊಗದ ಹಗ್ಗ ಹಿಡಿದುಕೊಂಡೇ ನಿಂತುಬಿಟ್ಟಿದ್ದ. ಅಜ್ಜಿ ಗಾಡಿಯ ಹತ್ತಿರ ಬಂದು ಮೇಲೆ ಕೂತಿದ್ದ ನನ್ನನ್ನು ಗದರಿದಳು.

"ಏಮೇ, ನೋಡ್ತಾ ಕೂತಿದ್ದೀಯಲ್ಲ! ಕೈ ಕೊಡು, ಹತ್ತಬೇಕು."

ನನ್ನ ಎಡಗೈ ಮುಂದೆ ಹೋಯಿತು.

"ಆ ಕೈ ಬೇಡ. ಇನ್ನೊಂದು ಕೊಡು."

ನಾನು ಕೊಡಲಿಲ್ಲ. ಎಡಗೈಯನ್ನು ಹಾಗೆಯೇ ಚಾಚಿಕೊಂಡು ಕೂತೆ. ಅವಳು ಕೆಳಗೆ, ನಾನು ಮೇಲೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದೆವು. ಎತ್ತುಗಳು ಬೇಸತ್ತು ಕಾಲು ಬದಲಿಸಿದವು. ಕೊನೆಗೆ ಅಜ್ಜಿ ತೆಲುಗಿನಲ್ಲಿ ನನ್ನ ಇಡೀ ಜನ್ಮವನ್ನು ಬೈಯುತ್ತ, ಆ ಕೈಯನ್ನೇ ಬಿಗಿಯಾಗಿ ಹಿಡಿದುಕೊಂಡು ಗಾಡಿ ಹತ್ತಿದಳು.